ಆಲೂಗಡ್ಡೆ ಸಲಾಡಿನ ಮೇಲಿನ ಆರೋಪ

ಬೌಲ್ಸ್ ಚೆಂಡಾಟದ ಕ್ಲಬ್ಬಿನ ಭಾನುವಾರದ ಊಟವಾಗಿ ಎರಡು ದಿನದೊಳಗೆ ಹದಿನಾಲ್ಕು ಮಂದಿ ವಾಂತಿಭೇದಿಯಿಂದ ಹಾಸಿಗೆ ಹಿಡಿದರು. ಎಲ್ಲರ ಬೆರಳೂ ನೊರೀನಳ ಆಲೂಗಡ್ಡೆ ಸಲಾಡಿನತ್ತ ತಿರುಗಿತು. ಇಪ್ಪತ್ತಾರು ವರ್ಷ ಕ್ಲಬ್ಬಿನ ಅಡುಗೆಮನೆಯ ಚಕ್ರವರ್ತಿನಿಯಾಗಿದ್ದವಳನ್ನು ಕಾರ್ಯದರ್ಶಿ ಬೆರಿಲ್ ಫೋನಿನಲ್ಲೇ ಪದಚ್ಯುತಗೊಳಿಸಿದಳು. "ಮುಂದಿನ ಸಲ ನೀನು ಬರೀ ಪೇಪರ್ ತಟ್ಟೆ ತಂದ್ರೆ ಸಾಕು ಕಣೇ."

ನೊರೀನಳಿಗೆ ಉಳಿದ ಆಸರೆ ಗಂಡ ಕ್ಲೈವ್ ಒಬ್ಬನೇ. ಟಾಸ್ಮೇನಿಯಾದ ಆ ಸಣ್ಣ ಊರಿನ ಆಸ್ಪತ್ರೆಯಲ್ಲಿ, ವೈದ್ಯರು ಬರೆದ ರೋಗಕ್ಕೆಲ್ಲ ದಾಖಲೆಯ ಸಂಖ್ಯೆ, ಅಂದರೆ ಕೋಡ್ ಹಚ್ಚುವುದು ಅವನ ಕೆಲಸ. (ರೋಗಿಗಳ ಮುಖ ಕಂಡವನಲ್ಲ, ಕಡತಗಳ ಮುಖ ಬಲ್ಲ.)

"ಇದು ವೈರಸ್ಸು ಅಂತ ಬೆರಿಲ್‌ಗೆ ಒಂದು ಮಾತು ಹೇಳು."

"ಆಗಲ್ಲ. ಊಟದ ವಿಷಕ್ಕೆ ಒಂದು ಕೋಡ್, ವೈರಸ್ಸಿಗೆ ಇನ್ನೊಂದು. ಲ್ಯಾಬ್ ವರದಿ ಇಲ್ದೆ ಊಹೆ ಮಾಡೋ ಅಧಿಕಾರ ನಂಗಿಲ್ಲ. ಸದ್ಯಕ್ಕೆ ಇದು 'ಕಾರಣ ಗೊತ್ತಿಲ್ಲದ್ದು'."

"ಮೂವತ್ತು ವರ್ಷ ಅದೇ ಸಲಾಡ್ ತಿಂದಿದ್ದೀಯಲ್ಲ ಮಾರಾಯ, ಅದು ವರದಿ ಅಲ್ವಾ?"

"ಅದು ಪುರಾವೆ ಅಲ್ಲ, ಅಭ್ಯಾಸ."

"ಊರಿಗೆಲ್ಲ ಕೋಡು ಹಚ್ಚಿ ಹಚ್ಚಿ ಈಗ ನಿಂಗೇ ಕೋಡು ಬಂದಿದೆ" ಎಂದು ನೊರೀನ್ ಎದ್ದು ಹೋದಳು. ವಾರವಿಡೀ ಕ್ಲೈವನಿಗೆ ಡಬ್ಬಿಯ ಬೀನ್ಸೇ ಗತಿಯಾಯಿತು.

ಮರುವಾರ ಆರೋಗ್ಯ ಇಲಾಖೆಯ ಮೇಗನ್ ಕ್ಲಬ್ಬಿಗೆ ಬಂದು, ಸೇರಿದ್ದವರ ಮುಂದೆ ವರದಿ ಓದಿದಳು. ನೊರೊವೈರಸ್. ಸಲಾಡ್ ನಿರ್ದೋಷಿ, ಸೋಂಕು ಬಂದದ್ದು ಯಾರದೋ ಕೈಯಿಂದ. ನೊರೀನ್ ಕುರ್ಚಿಯಲ್ಲಿ ಎರಡು ಅಂಗುಲ ಎತ್ತರವಾದಳು.

"ಊಟಕ್ಕೆ ಮುಂಚೆ ಯಾರಿಗಾದ್ರೂ ಹೊಟ್ಟೆ ಕೆಟ್ಟಿತ್ತಾ?" ಎಂದು ಮೇಗನ್ ಕೇಳಿದಳು.

ದಾಖಲೆ ಅಪೂರ್ಣವಾಗುವುದನ್ನು ಸಹಿಸದ ಕ್ಲೈವ್ ಕೈಯೆತ್ತಿದ. "ಹಿಂದಿನ ದಿನ ನಂಗೆ ನಾಲ್ಕು ಸಲ ಆಗಿತ್ತು. ಆದ್ರೆ ವೈದ್ಯರು ಏನೂ ಬರೆದಿರ್ಲಿಲ್ಲ, ಹಾಗಾಗಿ ಅದನ್ನ ರೋಗ ಅನ್ನೋಕಾಗಲ್ಲ."

"ಭಾನುವಾರ ನೀವೇನು ಮಾಡಿದ್ರಿ?"

"ಬ್ರೆಡ್ಡಿಗೆ ಬೆಣ್ಣೆ ಹಚ್ಚಿದೆ. ಎಂಬತ್ತು ಚೂರು."

ನೊರೀನ್ ನಿಧಾನವಾಗಿ ಗಂಡನತ್ತ ತಿರುಗಿದಳು. "ರೋಗಕ್ಕೊಂದು ಕೋಡ್, ಅದನ್ನ ತಂದಿದ್ದಕ್ಕೆ ಇನ್ನೊಂದು ಕೋಡ್ ಇರತ್ತಾ ಕ್ಲೈವ್?"

ವಿಷಯ ಬಲ್ಲವರು ಯಾರೋ ಕೇಳಿದರೆಂಬಂತೆ ಅವನ ಮುಖ ಅರಳಿತು. "ಕೆಲವಕ್ಕೆ ಹಾಗೇ. ನ್ಯುಮೋನಿಯಾ ಕೋಡ್ ಪುಸ್ತಕದ ಶ್ವಾಸಕೋಶದ ಅಧ್ಯಾಯಕ್ಕೆ ಹೋಗತ್ತೆ, ಎಷ್ಟೋ ಸಲ ರೋಗಾಣುವಿನ ಕೋಡ್ ಬೇರೆ ಸೇರಿಸ್ಬೇಕು. ಆದ್ರೆ ಇದಕ್ಕೆ ರೋಗ, ಕಾರಣ ಎರಡೂ ಒಂದರಲ್ಲೇ ಬಂದುಬಿಡತ್ತೆ."

"ಕೇಳಿಸ್ತಾ ಬೆರಿಲ್?" ಎಂದಳು ನೊರೀನ್. "ಒಂದೇ ಹೆಸರು ಸಾಕಂತೆ. ಕ್ಲೈವ್ ಅಂತ ಬರ್ಕೋ."

ಬೆರಿಲ್ ಬರೆದುಕೊಂಡಳು. ಅಕ್ಷರ ಸರಿಯಾಗಿದೆಯೇ ಎಂದು ಕ್ಲೈವನೇ ಬಗ್ಗಿ ನೋಡಿದ.