ಬಾಜೂಮನಿ ಆಯಿಯ ಸಕ್ಕರಿ ಬ್ಯಾನಿ

ನಾ ಯಾರ ಮನಿ ಸುದ್ದಿನೂ ಹುಡಿಕ್ಕೊಂಡು ಹೋಗೂದಿಲ್ರಿ. ಬಾಗಲದಾಗ ಜ್ವಾಳ ಹಸನ ಮಾಡ್ಕೋಂತ ಕುಂತ್ರ ಸಾಕು, ನಗಿ ತಾನ ಓಣಿ ಹಿಡದು ಬರ್ತೈತಿ.

ಆಗಿನ್ನೂ ನಾವು ಮುಂಬೈ ಸರಕಾರದಾಗ ಇದ್ವಿ. ಗಂಡಸರು ಕಟ್ಟಿಮ್ಯಾಲೆ ಕುಂತು ಕರ್ನಾಟಕ ಒಂದು ಮಾಡಾಕ ಹತ್ತಿದ್ರು. ಅದ ವ್ಯಾಳ್ಯಾಕ ಬೆಟಗೇರಿ ನಮ್ಮ ಓಣಿಗೆ ಒಬ್ರು ಡಾಕ್ಟರ್ರು ಬಂದ್ರು. ಸಕ್ಕರಿ ಬ್ಯಾನಿ ಯಾರಿಗೆ ಬರ್ತೈತಿ, ಯಾಕ ಬರ್ತೈತಿ ಅಂತ ತಪಾಸ ಮಾಡಿ ದೊಡ್ಡ ವಹಿದಾಗ ಬರಕೊಳ್ಳೋರು. ವಾರಕ್ಕೊಮ್ಮೆ ಮಂದಿ ಉಚ್ಚಿ ತರಿಸಿ ನೀಲಿ ಔಷಧದಾಗ ಹಾಕಿ ಕಾಸೋರು. ನೀಲಿ ಉಳದ್ರ ಬ್ಯಾನಿ ಇಲ್ಲ. ಹಸರಾದ್ರ ಸ್ವಲ್ಪ. ಕೆಂಪನ್ನ ಇಟ್ಟಂಗಿ ಬಣ್ಣ ಬಂತಂದ್ರ ಭಾಳ.

ನಮ್ಮ ಬಾಜೂಮನಿ ಆಯೀದು ಇಟ್ಟಂಗಿ.

ಅಷ್ಟೊತ್ತಿಗೆ ಶಿರಹಟ್ಟ್ಯಾಗ ಆಕಿ ಮೊಮ್ಮಗಳ ಚೊಚ್ಚಲ ಬಸರಿನ ಕುಬಸ ಬಂತು. ಮಗ ಮಗ್ಗದ ಕುಣ್ಯಾಗಿಂದನ ಹೇಳಿಬಿಟ್ಟ: "ಯವ್ವಾ, ಬಣ್ಣ ಇಳದ್ರ ಕರ್ಕೊಂಡು ಹೊಕ್ಕೀನಿ. ಇಲ್ಲಾಂದ್ರ ಮನ್ಯಾಗ ಇರು. ಹೋಳಿಗಿ ನೋಡಿ ತಡಕೊಳ್ಳಾಕಿ ಅಲ್ಲ ನೀ."

ಆಯಿ ಜೀವ ಎಲ್ಲಾ ಶಿರಹಟ್ಟ್ಯಾಗ.

ಉಪಾಸ

"ನಾಳಿ ಮುಂಜಾನೆ ಉಪಾಸ ಬರ್ರಿ ಆಯಿ," ಅಂದಿದ್ರು ಡಾಕ್ಟರ್ರು. ಹೋದ್ಲು. ಕಾಸಿದ್ರು. ಮತ್ತ ಇಟ್ಟಂಗಿ.

"ಉಪಾಸ ಇದ್ರಿಲ್ಲೊ?"

"ಖರೇನ ಉಪಾಸರಿ! ರೊಟ್ಟಿ, ಅನ್ನ ಮುಟ್ಟಿಲ್ಲ. ಏಕಾದಶಿಗೆ ತಿನ್ನೂದನ್ನ ತಿಂದೀನಿ."

"ಏನದು?"

"ಸಾಬೂದಾಣಿ ಖಿಚಡಿ, ಎರಡು ಬಾಳಿಹಣ್ಣು, ನಾಕು ಶೇಂಗಾ ಉಂಡಿ, ಮ್ಯಾಲೊಂದು ವಾಟಗ ಸಕ್ಕರಿ ಹಾಲು."

ಡಾಕ್ಟರ್ರು ಹಣಿ ಒತ್ತಿಕೊಂಡ್ರು. "ಉಪಾಸ ಇಲ್ಲದ ದಿನ ಮುಂಜಾನೆ ಏನ್ ತಿಂತೀರಿ?"

"ಒಂದು ಒಣ ರೊಟ್ಟಿರಿ."

"ಆಯಿ, ಕೈ ಮುಗಿತೀನಿ, ಇನ್ನ ಮ್ಯಾಲೆ ಉಪಾಸ ಮಾಡಬ್ಯಾಡ್ರಿ."

ಹಾಗಲಕಾಯಿ

ಮುಂದಿನ ವಾರ ಹಾಗಲಕಾಯಿ ತಿನ್ರಿ ಅಂತ ಯಾರೋ ಹೇಳಿದ್ರಂತ. ಆಯಿ ಎರಡೂ ಹೊತ್ತು ಅದನ್ನ ತಿಂದ್ಲು. ಬಣ್ಣ ಮಾತ್ರ ಒಂದು ಕೂದಲಷ್ಟೂ ಇಳೀಲಿಲ್ಲ.

"ಹೆಂಗ ಮಾಡ್ತೀರಿ ಪಲ್ಯಾ?" ಕೇಳಿದ್ರು ಡಾಕ್ಟರ್ರು.

"ಹುಣಸಿಹಣ್ಣು, ಖಾರ, ಬೆಲ್ಲ."

"ಬೆಲ್ಲ ಎಷ್ಟು?"

"ಕಹಿ ಹೋಗೂಮಟಾರಿ."

ಅವತ್ತ ಮಗ ಬೆಲ್ಲದ ಗಡಿಗಿ ತಂದು ನನ್ನ ಮನ್ಯಾಗ ಇಟ್ಟ. "ಅಕ್ಕಾ, ಆಯಿ ಬಂದು ಅತ್ರೂ ಕೊಡಬ್ಯಾಡ." ಆಯಿ ಬಂದ್ಲು, ಅತ್ಲು, ನನ್ನ ಮನಿತನ ಎತ್ತಿ ಬೈದ್ಲು. ನಾ ಒಂದು ಹರಳೂ ಕೊಡ್ಲಿಲ್ಲ.

ಕಡಾ

ಕುಬಸಕ್ಕ ಇನ್ನ ಎರಡ ದಿನ ಉಳದಿತ್ತು. ಕಡೀ ತಪಾಸ. ನಸಿಕಿನ್ಯಾಗ ಆಯಿ ಸೆರಗಿನ್ಯಾಗ ಒಂದು ಖಾಲಿ ಬಾಟ್ಲಿ ಮುಚ್ಚಿಕೊಂಡು ಬಂದ್ಲು.

"ಯವ್ವಾ, ಒಂದೀಟು ಕಡಾ ಕೊಡ, ಆಮ್ಯಾಲೆ ತಿರುಗಿ ಕೊಡ್ತೀನಿ."

"ಬೆಲ್ಲ ಕೇಳಬ್ಯಾಡಬೇ ಆಯಿ."

"ಬೆಲ್ಲ ಯಾರಿಗೆ ಬೇಕು? ನಿಂದು ಉಚ್ಚಿ ಕೊಡ. ನೀ ಕಲ್ಲಿನಂಗ ಗಟ್ಟಿ ಅದಿ."

ಈ ಓಣ್ಯಾಗ ಹಿಟ್ಟು ಕೊಟ್ಟೀನಿ, ಹೆಪ್ಪು ಕೊಟ್ಟೀನಿ, ಒಲಿಗೆ ಕೆಂಡ ಕೊಟ್ಟೀನಿ. ಇದನ್ನ ಯಾರೂ ಕೇಳಿದ್ದಿಲ್ಲ. ಮೊಮ್ಮಗಳ ಮಾರಿ ನೋಡ್ಲಿ ಪಾಪ ಅಂತ ಕೊಟ್ನಿ. ನೋಡಾಕಂತ ಹಿಂದ ಹೋದ್ನಿ.

ಡಾಕ್ಟರ್ರು ಕಾಸಿದ್ರು. ನೀಲಿ ಹೋತು, ಹಸರು ಬಂತು. ಹಸರು ಹೋತು, ಹಳದಿ ಬಂತು. ನೋಡ್ತಿದ್ದಂಗ ಕೆಂಪನ್ನ ಇಟ್ಟಂಗಿ!

"ಆಯಿ, ಹೋದ ವಾರಕ್ಕಿಂತ ಜಾಸ್ತಿ ಆಗೇತಿ! ಏನು ತಿಂದ್ರಿ?"

ಆಯಿ ಗರಕ್ಕನ ನನ್ನ ಕಡೆ ತಿರುಗಿದ್ಲು. ಅಷ್ಟು ಮಂದಿ ನಡುವ ಒದರಿದ್ಲು: "ಏನ್ ತಿಂದಿಯಬೇ ನೀನು?"

ವಾರದಾಗ ನಾನ ತಿಂದು ಅರ್ಧ ಮಾಡಿದ ಬೆಲ್ಲದ ಗಡಿಗಿ ನೆನಪಾತು. ಸೆರಗು ಮಾರಿಗೆ ಹಿಡಕೊಂಡು ಮಂದಿ ಹಿಂದ ಸರದ್ನಿ.

ಡಾಕ್ಟರ್ರಿಗೆ ತಿಳೀತು. ನಕ್ಕೊಂತ ಆಯಿ ಸ್ವಂತದ್ದು ತರಿಸಿ ಕಾಸಿದ್ರು. ವಾರ ಬೆಲ್ಲ ಕಾಣದ ಹೊಟ್ಟಿ ನೋಡ್ರಿ, ತೆಳ್ಳನ್ನ ಹಸರು. ಮಗ ಕೊಟ್ಟ ಮಾತಿಗೆ ತಪ್ಪಲಿಲ್ಲ. "ನಡಿ ಯವ್ವಾ. ಆದ್ರ ಒಂದ ಹೋಳಿಗಿ." ಡಾಕ್ಟರ್ರು ವಹಿದಾಗ ನನ್ನ ಹೆಸರು ಬರಕೊಂಡು, "ನಿಮಗ ಒಂದೂ ಇಲ್ಲ," ಅಂದ್ರು.

ಕುಬಸಕ್ಕ ನನ್ನೂ ಕರದಿದ್ರು, ಶಿರಹಟ್ಟ್ಯಾಗ ಪಂಕ್ತಿಗೆ ಕುಂತ್ವಿ. ಬಾಜೂಕ ಆಯಿ. ಬಡಸಾವ ನನ್ನ ಎಲಿಗೂ ಬಿಸಿ ಬಿಸಿ ಹೋಳಿಗಿ ಹಾಕಿ ಹೋದ. ಮಗ ಕಣ್ಣು ಬಿಟ್ಟು ಆಯಿ ಎಲ್ಯಾನ ಹೋಳಿಗಿ ಎಣಸಾಕತ್ತಿದ್ದ, ಒಂದ ಇತ್ತು. ಆಯಿ ಅದನ್ನ ಮುಗಿಸಿದ್ಲು, ಆಮ್ಯಾಲೆ ನನ್ನ ಎಲಿಗೆ ಕೈ ಹಾಕಿ ನನ್ನ ಹೋಳಿಗಿನೂ ಬಾಯಿಗಿಟ್ಟುಕೊಂಡ್ಲು.

"ಯವ್ವಾ!" ಮಗ ಒದರಿದ.

"ಒದರಬ್ಯಾಡಲೇ," ಅಂದ್ಲು ಆಯಿ, ಬಾಯಿ ತುಂಬ ಹೋಳಿಗಿ. "ಪಾಪ, ಈಕಿಗೆ ಸಕ್ಕರಿ ಬ್ಯಾನಿ ಐತಿ!"