ಆಸ್ಕರ್ ನೆನಪಿಗೆ ಎಂಟು ಚರಣ

ತಕರಾರು ಹುಟ್ಟಿದ್ದು ‘ಊಂ’ ಎಂಬ ಒಂದಕ್ಷರದಿಂದ. ಸರೋವರದ ಮೇಲೆ ಸಂಜೆಯಿಳಿಯುವುದನ್ನು ವರ್ಣಿಸುವ ಆ ಹಳೆಯ ಪದ್ಯವನ್ನು ಮಿನೆಸೋಟದ ಆ ಪುಟ್ಟ ಊರಿನ ಹಳಬರೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ಚರ್ಚಿನ ಗಾಯಕರ ಮೇಳಕ್ಕೂ ಪಿಯಾನೋಗೂ ಅದನ್ನು ಹೊಂದಿಸಿ ರಾಗ ಕಟ್ಟಿದ್ದವನು ಎಲ್ವಿನ್ ಹೌಗ್ದಾಲ್. ಕಟ್ಟುವಾಗ, ಅಲೆಗಳ ಸದ್ದಿರಲಿ ಎಂದು, ದಪ್ಪ ದನಿಯ ಗಂಡಸರಿಗೆ ಒಂದೂ ಮಾತು ಕೊಡದೆ ಎಂಟು ಚರಣಕ್ಕೂ ‘ಊಂ’ ಎಂದೇ ಬರೆದುಬಿಟ್ಟಿದ್ದ.

ಭಾನುವಾರ ಬೆಳಗಿನ ಪ್ರಾರ್ಥನೆ ಮುಗಿದದ್ದೇ ತಡ, ಆ ದಪ್ಪ ದನಿಯವರಲ್ಲೊಬ್ಬನಾದ, ಮೀನುಗಾಳದ ಅಂಗಡಿಯ ವರ್ಲಿನ್ ಬಾಗಿಲಿಗೆ ಅಡ್ಡ ನಿಂತ.

“ನೋಡು ಎಲ್ವಿನ್, ಹೆಂಡ್ತಿ ಮಾತಾಡುವಾಗ ಮನೇಲಿ ಊಂ ಅಂತಾನೇ ಇರ್ತೀನಿ. ಇಲ್ಲೂ ಅದನ್ನೇ ಅನ್ನೋಕೆ ಟೈ ಕಟ್ಕೊಂಡು ಬರ್ಬೇಕಾ?”

ಹಾಡಿನ ಕಾರ್ಯಕ್ರಮ ಅಂದೇ ಸಂಜೆ ನಾಲ್ಕು ಗಂಟೆಗೆ. ಎಲ್ವಿನ್ ಪೆನ್ಸಿಲ್ ಹಿಡಿದು ಐದನೆಯ ಚರಣವನ್ನು ಹೆಂಗಸರಿಂದ ಕಿತ್ತು ಈ ಗಂಡಸರಿಗೆ ಕೊಟ್ಟ. ಹೆಂಗಸರು ಮುಖ ಊದಿಸಿಕೊಂಡರು. ಅಷ್ಟರಲ್ಲಿ ಪಾದ್ರಿಗಳು ಬಂದು, ಸಂಜೆ ಎಂಟನ್ನೂ ಹಾಡುತ್ತ ನಿಂತರೆ ನೆಲಮಾಳಿಗೆಯಲ್ಲಿ ಬಡಿಸಿಟ್ಟ ಊಟ ಆರಿಹೋಗುತ್ತದೆ, ನಾಲ್ಕು ಚರಣ ಸಾಲದೇ ಎಂದು ಮೆಲ್ಲನೆ ಕೇಳಿದರು.

ಅಲ್ಲಿ ಮಾತ್ರ ಎಲ್ವಿನ್ ಜಗ್ಗಲಿಲ್ಲ. ಹಾಡು ಕಟ್ಟಿಸಿದವರು ಥೋರಾ ಲಿಂಡ್ವಿಗ್, ಹೋದ ಅಕ್ಟೋಬರಿನಲ್ಲಿ ತೀರಿಕೊಂಡ ಗಂಡ ಆಸ್ಕರನ ನೆನಪಿಗೆ. ಒಂದಕ್ಷರವನ್ನೂ ಬಿಡಬೇಡ ಎಂದು ಕೈಹಿಡಿದು ಹೇಳಿದ್ದರು. ಸತ್ತವನ ಪ್ರೀತಿಯ ಪದ್ಯಕ್ಕೆ ಕತ್ತರಿ ಹಾಕುವಷ್ಟು ಕಟುಕ ತಾನಲ್ಲ ಎಂದುಬಿಟ್ಟ.

ಮೂರೂವರೆಗೆ ಪಿಯಾನೋ ನುಡಿಸುವ ಮಾರ್ಲಿಸ್ ಬಲಗೈಗೆ ಬ್ಯಾಂಡೇಜು ಸುತ್ತಿಕೊಂಡು ಬಂದಳು. ಕಾರಿನಿಂದಿಳಿಯುವಾಗ ಮಂಜುಗಡ್ಡೆಯ ಮೇಲೆ ಜಾರಿದ್ದಳಂತೆ. ಎಡಗೈ ಗಟ್ಟಿಯಾಗಿದೆ ಎಂದು ಧೈರ್ಯ ಹೇಳಿದಳು. ಬಲಗೈಯ ಕೆಲಸ ಎಲ್ವಿನನ ಪಾಲಿಗೆ ಬಂತು. ಒಂದೇ ಅಂಗಿಗೆ ಇಬ್ಬರು ತೋಳು ತೂರಿಸಿದ ಹಾಗೆ ಇಬ್ಬರೂ ಆ ಪುಟ್ಟ ಬೆಂಚಿಗೆ ಅಂಟಿ ಕೂತರು. ಅವನ ಒಂದು ಕೈ ನುಡಿಸಬೇಕು, ಇನ್ನೊಂದು ಹಾಳೆ ತಿರುವಬೇಕು. ಹಾಡುವವರಿಗೆ ಸನ್ನೆ ಮಾಡಲು ಉಳಿದದ್ದು ತಲೆಯೊಂದೇ.

ಮೂರು ಚರಣ ಸಲೀಸಾಗಿ ಹೋದವು. ನಾಲ್ಕನೆಯದರ ನಡುವೆ ಕನ್ನಡಕ ಮೂಗಿನ ತುದಿಗೆ ಜಾರಿತು. ಅದನ್ನು ಮೇಲಕ್ಕೇರಿಸಲು ಎಲ್ವಿನ್ ತಲೆ ಕೊಡವಿದ. ಇದೇ ಸನ್ನೆ ಎಂದುಕೊಂಡು ವರ್ಲಿನ್ ಪಡೆ ಐದನೆಯ ಚರಣಕ್ಕೆ ನುಗ್ಗಿತು. ಹೆಂಗಸರು ಬಿಡುತ್ತಾರೆಯೇ? ನಾಲ್ಕನ್ನೇ ಇನ್ನಷ್ಟು ಗಟ್ಟಿಯಾಗಿ ಹಾಡಿದರು. ಒಂದು ಕಡೆ ಸೂರ್ಯ ಇನ್ನೂ ಮುಳುಗುತ್ತಿದ್ದ, ಇನ್ನೊಂದು ಕಡೆ ಚಂದ್ರ ಆಗಲೇ ನೆತ್ತಿಗೇರಿದ್ದ. ಎಲ್ವಿನ್ ಕಣ್ಣು ಮುಚ್ಚಿಕೊಂಡು ಪಿಯಾನೋವನ್ನು ಬಡಿದ. ಕೊನೆಯ ಚರಣದಲ್ಲಿ ಅದು ಹೇಗೋ ಎಲ್ಲರೂ ಒಂದೇ ದಡ ಸೇರಿದರು.

ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಥೋರಾ ಕಣ್ಣೊರೆಸಿಕೊಳ್ಳುತ್ತಿದ್ದರು. ಎಲ್ವಿನ್ ತಲೆ ತಗ್ಗಿಸಿ ಹತ್ತಿರ ಹೋದ. ಆಸ್ಕರನಿಗೆ ಅಷ್ಟು ಇಷ್ಟವಾದ ಪದ್ಯವನ್ನು ಕೆಡಿಸಿಬಿಟ್ಟೆ, ಕ್ಷಮಿಸಿ ಎಂದ.

“ಇಷ್ಟಾನಾ? ಈ ಪದ್ಯ ಅಂದ್ರೆ ಅವ್ರಿಗೆ ಮೈ ಉರಿಯೋದು ಕಣಪ್ಪ. ಬಾಯಿಪಾಠ ಬರ್ಲಿಲ್ಲ ಅಂತ ಮೇಷ್ಟ್ರು ಶಾಲೆ ಬಿಟ್ಟ ಮೇಲೂ ಕೂರಿಸ್ಕೊಂಡಿದ್ರಂತೆ. ನಾನು ಒಂದು ಸಾಲು ಗುನುಗಿದ್ರೆ ಸಾಕು, ಎದ್ದು ಗ್ಯಾರೇಜಿಗೆ ಹೋಗ್ಬಿಡೋರು. ನಲವತ್ತೊಂದು ವರ್ಷದಲ್ಲಿ ಒಂದ್ಸಲಾನೂ ಪೂರ್ತಿ ಹಾಡೋಕೆ ಬಿಡ್ಲಿಲ್ಲ. ಈಗ ಎದ್ದು ಎಲ್ಲಿಗೆ ಹೋಗ್ತಾರೆ?”

ನಗು ತಡೆಯಲಾರದೆ ಮತ್ತೊಮ್ಮೆ ಕಣ್ಣೊರೆಸಿಕೊಂಡು, ಕೈಚೀಲದಿಂದ ಹಳದಿಯಾದ ನಾಲ್ಕು ಹಾಳೆ ತೆಗೆದು ಅವನ ಕೈಗಿಟ್ಟರು.

“ಈ ಇನ್ನೊಂದು ಪದ್ಯ ಕಂಡ್ರಂತೂ ಅವ್ರಿಗೆ ಇನ್ನೂ ಆಗ್ತಿರ್ಲಿಲ್ಲ. ಇಪ್ಪತ್ತೆರಡು ಚರಣ. ಈಸ್ಟರ್ ಹೊತ್ತಿಗೆ ರಾಗ ಕಟ್ಟಿಕೊಟ್ರೆ ಸಾಕು.”