ಬೇಸ್ ಗಿಟಾರಿನ ನಾಬಿಗೆ ನಂಬರ್ ಬರೆದ ಕಥೆ

ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುವವನಿಗೆ ಒಂದಲ್ಲ ಒಂದು ಆಗುತ್ತಲೇ ಇರುತ್ತದೆ. ಕಡೂರಿನಲ್ಲಿ ನನ್ನದು ಮಿಕ್ಸಿ, ಫ್ಯಾನು ರಿಪೇರಿ ಅಂಗಡಿ. ಮದುವೆ ಕಾಲ ಬಂತೆಂದರೆ ಅದಕ್ಕೆ ಬೀಗ ಜಡಿದು ಗಿಟಾರ್ ಹೆಗಲಿಗೇರಿಸುತ್ತೇನೆ. ಹಾಡುವವರ ಜೊತೆ ಜನ ಸೆಲ್ಫಿ ತೆಗೆಸಿಕೊಳ್ಳುತ್ತಾರೆ. ನನ್ನ ಹತ್ತಿರ ಬಂದು, "ಇದೇನ್ರೀ ನಾಲ್ಕೇ ತಂತಿ ಐತೆ, ಇನ್ನೆರಡು ಕಿತ್ತೋಯ್ತಾ?" ಅಂತಾರೆ. ಬೇಸಿಗೆ ಇರುವುದೇ ನಾಲ್ಕು ತಂತಿ. ಇದೆಲ್ಲ ಅಭ್ಯಾಸವಾಗಿದೆ. ಆದರೆ ಗಿಟಾರಿನ ನಾಬಿಗೆ ನಂಬರ್ ಹಾಕಲು ಹೋದ ಮೇಲೆ ಆದದ್ದು ಮಾತ್ರ ಬೇರೆ.

ಮೊನ್ನೆ ಇದ್ದ ಹಾಗೆ

ನನ್ನ ಗಿಟಾರಿನ ಮೈಮೇಲೆ ಮೂರು ಕರೀ ನಾಬುಗಳಿವೆ. ಸದ್ದು ಏರಿಸಿ ಇಳಿಸುವುದಕ್ಕೆ ಒಂದು, ಸ್ವರ ದಪ್ಪ ಮಾಡುವುದಕ್ಕೆ ಒಂದು, ತೆಳ್ಳಗೆ ಮಾಡುವುದಕ್ಕೆ ಇನ್ನೊಂದು. ಮೂರೂ ಬೋಳು. ಒಂದು ಗೆರೆಯಿಲ್ಲ, ಅಂಕಿಯಿಲ್ಲ.

ನಮ್ಮ ತಂಡದ ಯಜಮಾನರು ಕೀಬೋರ್ಡ್ ನುಡಿಸುತ್ತಾರೆ. ಪ್ರತಿ ಸಲ ಕಾರ್ಯಕ್ರಮ ಶುರುವಾಗುವ ಮುಂಚೆ, "ಮೊನ್ನೆ ಇಟ್ಟಿದ್ದೆಯಲ್ಲ, ಹಂಗೇ ಇಡಪ್ಪಾ" ಅನ್ನುತ್ತಿದ್ದರು.

"ಮೊನ್ನೆ ಎಷ್ಟಕ್ಕೆ ಇಟ್ಟಿದ್ದೆ ಸಾರ್?"

"ಸ್ವಲ್ಪ ಮೇಲೆ. ಆದ್ರೆ ಜಾಸ್ತಿ ಮೇಲಲ್ಲ."

ನಾನು ತಿರುಗಿಸುತ್ತಿದ್ದೆ. ಅವರು ಕಣ್ಣು ಮುಚ್ಚಿ ಕೇಳಿ, "ಒಂಚೂರು ಹಿಂದಕ್ಕೆ... ಅಯ್ಯೋ, ಅಷ್ಟಲ್ಲ... ಹಾ, ಬಿಡು, ಕೆಟ್ಟೋಯ್ತು" ಅನ್ನುತ್ತಿದ್ದರು. ನಮ್ಮ ಮನೆಯಲ್ಲಿ ಸಾರಿಗೆ ಉಪ್ಪು ಹಾಕುವಾಗಲೂ ಇಷ್ಟು ಮಾತು ನಡೆಯುವುದಿಲ್ಲ.

ಮಿಕ್ಸಿಯ ನಾಬು

ನಂಬರ್ ಇರುವ ನಾಬೇ ಹಾಕಿಬಿಟ್ಟರೆ? ಅಂಗಡಿಯಲ್ಲಿ ಹಳೇ ಮಿಕ್ಸಿ ನಾಬುಗಳ ಡಬ್ಬವೇ ಇತ್ತು. ಒಂದು, ಎರಡು, ಮೂರು ಅಂತ ದಪ್ಪಗೆ ಬರೆದದ್ದೊಂದನ್ನು ಆರಿಸಿ, ತೂತಿಗೆ ಅಂಟು ಹಾಕಿ ಗಿಟಾರಿನ ಸದ್ದಿನ ನಾಬಿನ ಜಾಗಕ್ಕೆ ಕೂರಿಸಿದೆ. ನೋಡಲು ಕೊಂಚ ವಿಚಿತ್ರ. ಕೆಲಸ ಮಾತ್ರ ಪಕ್ಕಾ.

ಬೀರೂರಿನಲ್ಲೊಂದು ಆರತಕ್ಷತೆ. ಎರಡು ಹಾಡು ಮುಗಿದಿರಬೇಕು, ಕೈಯಲ್ಲಿ ತಾಂಬೂಲದ ಚೀಲ ಹಿಡಿದ ಒಬ್ಬ ಹೆಂಗಸು ಸ್ಟೇಜಿನ ಹತ್ತಿರ ಬಂದು ಗಿಟಾರನ್ನೇ ದಿಟ್ಟಿಸಿದರು. ಅಭಿಮಾನಿ ಅಂದುಕೊಂಡು ನಾನು ಸ್ವಲ್ಪ ಬಾಗಿ ನುಡಿಸಿದೆ.

"ರೀ, ಇದು ನಮ್ಮನೆ ಮಿಕ್ಸಿದಲ್ವಾ?"

ಕೈ ತಪ್ಪಿತು. ನೋಡಿದರೆ ನನ್ನ ಗಿರಾಕಿಯೇ. ಹಳೇ ನಾಬು ಸೀಳಿದೆ ಅಂತ ಹೊಸದು ಹಾಕಿಕೊಟ್ಟಿದ್ದೆ. "ಹೌದು ಕಣಮ್ಮ, ಸೀಳಿತ್ತಲ್ಲ, ನೀವೇ ಬಿಟ್ಟೋದ್ರಿ" ಅಂದೆ.

"ಸೀಳಿರೋದಾ? ನಮ್ಮನೇಲಿ ತಿರುಗ್ದೇ ಇದ್ದಿದ್ದು ಇಲ್ಲಿ ಇಷ್ಟು ಚೆನ್ನಾಗಿ ತಿರುಗ್ತೈತೆ! ವಾಪಸ್ ಕೊಡ್ರೀ."

ಆರೋ, ಒಂಬತ್ತೋ

ನಾಬು ಕೊಟ್ಟುಬಿಟ್ಟೆ. ಆಮೇಲೆ ಹೆಂಡತಿಯ ಉಗುರುಬಣ್ಣದ ಸೀಸೆ ತಗೊಂಡು, ಮೊದಲಿನ ಕರೀ ನಾಬಿನ ಸುತ್ತಲೇ ಒಂದರಿಂದ ಹತ್ತರವರೆಗೆ ಇಂಗ್ಲಿಷ್ ಅಂಕಿಗಳನ್ನು ಬರೆದೆ. ಪಕ್ಕದಲ್ಲಿ ಗಿಟಾರಿನ ಮೈಮೇಲೆ ಒಂದು ಚುಕ್ಕೆ. ಚುಕ್ಕೆಯ ನೇರಕ್ಕೆ ಯಾವ ಅಂಕಿ ಬಂತೋ ಅಷ್ಟು ಸದ್ದು. ಗಿಟಾರ್ ಹಿಡಿದು ಬಗ್ಗಿ ನೋಡಿದರೆ ನನಗೆ ಸರಿಯಾಗಿ ಕಾಣುವ ಹಾಗೆ ಬರೆದಿದ್ದೆ.

ತರೀಕೆರೆಯ ಒಂದು ಛತ್ರದಲ್ಲಿ ಸೌಂಡಿನವನು ನನ್ನೆದುರಿಗೇ ನಿಂತಿದ್ದ. ಅಂಕಿಗಳನ್ನು ಕಂಡು ಖುಷಿಯಾಗಿಬಿಟ್ಟ. "ಭಾರೀ ಒಳ್ಳೇ ಕೆಲ್ಸ ಮಾಡಿದ್ರಿ. ಎಲ್ಲಿ, ಆರಕ್ಕೆ ಇಡಿ."

ಆರಕ್ಕೆ ಇಟ್ಟೆ.

"ಅಲ್ರೀ, ಒಂಬತ್ತಕ್ಕೆ ಇಟ್ರಲ್ಲ! ಆರಕ್ಕೆ."

"ಆರಕ್ಕೇ ಇಟ್ಟಿದೀನಿ."

"ನನ್ ಕಣ್ಣೇನು ಕುರುಡಾ? ಒಂಬತ್ತು ಕಾಣ್ತೈತೆ."

ಎದುರಿನಿಂದ ನೋಡುವವನಿಗೆ ಅಂಕಿಗಳೆಲ್ಲ ತಲೆಕೆಳಗು ಅನ್ನುವುದು ಆಗ ನನಗೂ ಹೊಳೆಯಲಿಲ್ಲ. ಹಾಳಾಗಲಿ ಅಂತ ಒಂಬತ್ತಕ್ಕೆ ತಿರುಗಿಸಿದೆ. "ಹಾ, ಈಗ ಆರು!" ಅಂತ ಅವನು ಹೆಬ್ಬೆರಳು ಎತ್ತಿದ.

ಮೊದಲನೇ ತಂತಿ ಮೀಟಿದ್ದೇ ತಡ, ಸ್ಪೀಕರ್ ಮೇಲಿಟ್ಟಿದ್ದ ಹೂಕುಂಡ ನೆಲಕ್ಕೆ ಬಿತ್ತು. ಊಟದ ಮನೆಯಿಂದ ಅಡುಗೆ ಭಟ್ಟರು ಸೌಟು ಹಿಡಿದೇ ಓಡಿ ಬಂದರು. ಸೌಂಡಿನವನು ಎದೆ ಮೇಲೆ ಕೈಯಿಟ್ಟು ಹೇಳಿದ: "ನೋಡಿದ್ರಾ? ಆರಕ್ಕೇ ಹಿಂಗೆ. ನಿಮ್ ಮಾತು ಕೇಳಿ ಒಂಬತ್ತಕ್ಕೆ ಬಿಟ್ಟಿದ್ರೆ ಛತ್ರನೇ ಬಿದ್ದೋಗ್ತಿತ್ತು!"

ಐದಕ್ಕೆ ರಾಜಿ

ನಂಬರ್ ಇಲ್ಲದಾಗ ಒಂದು ಸುಖವಿತ್ತು. ಯಾರಾದರೂ ಸದ್ದು ಕಮ್ಮಿ ಮಾಡಿ ಅಂದರೆ ನಾಬು ಮುಟ್ಟಿದ ಹಾಗೆ ಮಾಡಿದರೆ ಸಾಕು, ಹೋಗಿಬಿಡುತ್ತಿದ್ದರು. ನಂಬರ್ ಬಂದ ಮೇಲೆ ಚೌಕಾಸಿ ಶುರುವಾಯಿತು.

ಅಜ್ಜಂಪುರದ ಮದುವೆ. ಗಂಡಿನ ಕಡೆಯವರು ಎಮ್ಮೆದೊಡ್ಡಿಯಿಂದ ಬಂದಿದ್ದರು. ಹೆಣ್ಣಿನ ತಂದೆ ಸ್ಟೇಜ್ ಹತ್ತಿ, "ನಮ್ಮವ್ವಂಗೆ ಎದೆ ಹಾರ್ತದೆ, ಮೂರಕ್ಕೆ ಇಳ್ಸಿ" ಅಂದರು. ಇಳಿಸಿದೆ. ಗಂಡಿನ ಸೋದರಮಾವ ಎದ್ದು ಬಂದರು. "ಕುಣಿಯೋಕೇ ಅಂತ ಅಷ್ಟು ದೂರದಿಂದ ಬಂದಿದೀವಿ. ಏಳಕ್ಕೆ ಕಮ್ಮಿ ಆಗಲ್ಲ."

"ಮೂರು."

"ಏಳು. ಮರ್ಯಾದೆ ಪ್ರಶ್ನೆ ಕಣ್ರೀ."

ಒಬ್ಬರು ಅತ್ತ ತಿರುಗಿಸಿದರೆ ಇನ್ನೊಬ್ಬರು ಇತ್ತ. ನನ್ನ ಹೊಟ್ಟೆಯ ಮೇಲೆ ನಾಲ್ಕು ಕೈ. ಎರಡೂ ಕಡೆಯ ನೆಂಟರು ಎದ್ದು ನಿಂತರು. ಯಾರೋ "ಹಂಗಾದ್ರೆ ನಾವು ಊಟ ಮಾಡಲ್ಲ" ಅಂದರು. ಕೊನೆಗೆ ಮದುಮಗಳೇ ಹಾರ ಸರಿಪಡಿಸಿಕೊಂಡು ಎದ್ದು ಬಂದಳು. "ಐದಕ್ಕೆ ಇಡಿ ಅಣ್ಣ. ಇನ್ಯಾರೂ ಮುಟ್ಟಂಗಿಲ್ಲ."

ಐದಕ್ಕೆ ಇಟ್ಟೆ. ಹಾಡು ಶುರುವಾಯಿತು. ಸೋದರಮಾವ ಕುಣಿದರು. ಹೆಣ್ಣಿನ ತಂದೆ, "ಐದು ಹಿತವಾಗೈತೆ" ಅಂತ ತಲೆದೂಗಿದರು.

ಅರ್ಧ ಹಾಡಿಗೆ ಗೊತ್ತಾಯಿತು. ಆ ತಳ್ಳಾಟದಲ್ಲಿ ಯಾರದೋ ಕಾಲಿಗೆ ಸಿಕ್ಕಿ ನನ್ನ ವೈರು ಕಿತ್ತು ಬಂದಿತ್ತು. ಗಿಟಾರಿನಿಂದ ಒಂದಿಷ್ಟೂ ಸದ್ದಿಲ್ಲ. ಯಜಮಾನರತ್ತ ನೋಡಿದೆ. ಅವರು ವೈರನ್ನೂ ನೋಡಿದರು, ಕುಣಿಯುತ್ತಿದ್ದ ಜನರನ್ನೂ ನೋಡಿದರು. "ಸಿಕ್ಕಿಸಬ್ಯಾಡ" ಅಂತ ಕಣ್ಣಲ್ಲೇ ಹೇಳಿದರು. ಅಲ್ಲಿಂದ ಕೊನೇ ಹಾಡಿನವರೆಗೂ ತಲೆಯಾಡಿಸಿಕೊಂಡು ಬರೀ ತಂತಿ ಮೀಟಿದೆ.

ಗಿಟಾರ್ ಚೀಲಕ್ಕೆ ಹಾಕುವಾಗ ಹೆಣ್ಣಿನ ಅಜ್ಜಿ ಕೋಲೂರಿಕೊಂಡು ಬಂದರು. "ಏನಪ್ಪಾ, ಅವಾಗ್ಲಿಂದ ನೋಡ್ತಾ ಇವ್ನಿ, ಎಲ್ಲಾರ್ದೂ ಕೇಳ್ತದೆ, ನಿಂದೊಂದೇ ಕೇಳಲ್ವಲ್ಲ?"

ಜಗತ್ತಿನಲ್ಲಿ ಒಬ್ಬರಾದರೂ ನನ್ನ ಸದ್ದಿಗೆ ಕಿವಿಗೊಟ್ಟು ಕಾದಿದ್ದರಲ್ಲ ಅಂತ ನನಗೆ ಕಣ್ಣು ತುಂಬಿತು. "ನಿಮಗೆ ಎದೆ ಹಾರ್ತದೆ ಅಂತ ಹೇಳಿದ್ರು ಅಜ್ಜಿ" ಅಂದೆ.

"ಅದು ಹಾರೋದೇ ಒಸಿ ಹಿತವಾಗಿರ್ತದೆ ಕಣ್ಲಾ. ತೆಗಿ ಅದ್ನ ಈಚೆಗೆ. ಹತ್ತಕ್ಕೆ ಇಡು!"